ನೀರು ಹಿಡಿಯುವ ಬಲೆ

1961ರ ಕ್ರಿಸ್‌ಮಸ್ ಹೊತ್ತಿಗೆ ಪ್ರಾಗ್ ನಗರದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ಮನೆಯಲ್ಲಿ ಕುಳಿತು ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು ಜೋಡಿಸುತ್ತಿದ್ದರು. ಆಟಿಕೆಯ ಚಕ್ರಗಳಿಗೆ ಸೈಕಲ್ಲಿನ ಡೈನಮೊ ಕಟ್ಟಿ, ಗಿರಗಿರನೆ ತಿರುಗುವ ಪುಟ್ಟ ಅಚ್ಚುಗಳಿಗೆ ದ್ರವವೊಂದನ್ನು ಹನಿಸಿದರು. ಅಂದು ಸಿಕ್ಕಿದ್ದು ನಾಲ್ಕು ಮೆದು ಕಾಂಟ್ಯಾಕ್ಟ್ ಲೆನ್ಸ್‌ಗಳು. ಗಾಜಿನಂತೆ ಗಡುಸಾಗಿರದ, ಸದಾ ತೇವ ಉಳಿಸಿಕೊಳ್ಳುವ ಆ ವಸ್ತುವೇ ಹೈಡ್ರೊಜೆಲ್.

ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದವರೆಲ್ಲ ಹೈಡ್ರೊಜೆಲ್ ನೋಡಿದವರೇ. ಬೀಜದ ಸುತ್ತ ಕಟ್ಟುವ ಲೋಳೆಯೊಳಗೆ ಪಾಲಿಮರ್ ಎಂಬ ಉದ್ದುದ್ದ ಅಣುಸರಪಳಿಗಳಿವೆ. ಸರಪಳಿಗಳು ಅಲ್ಲಲ್ಲಿ ಗಂಟು ಹಾಕಿಕೊಂಡು ಬಲೆಯಾದಾಗ ನೀರು ಒಳಹೊಕ್ಕು ಉಬ್ಬಿಸುತ್ತದೆ. ಗಂಟು ಬಿಚ್ಚದ್ದರಿಂದ ಬಲೆ ಕರಗಿಹೋಗುವುದಿಲ್ಲ. ಮಗುವಿನ ಡೈಪರ್ ನಡೆಯುವುದು ಇದೇ ಗುಣದ ಮೇಲೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೊಜೆಲ್ ತನ್ನ ತೂಕದ 350 ಪಟ್ಟು ನೀರು ಹೀರಬಲ್ಲದು. ಎಕರೆಗೆ ಒಂದೆರಡು ಕಿಲೋ ಬೆರೆಸಿದರೆ, ಮಳೆ ಕೈಕೊಟ್ಟ ದಿನಗಳಲ್ಲಿ ಬೇರಿನ ಬಳಿ ಹನಿಹನಿಯಾಗಿ ನೀರು ಬಿಡುತ್ತದೆ.

ಆದರೆ ಇಷ್ಟು ನೀರು ಕುಡಿದ ಬಲೆಗೆ ಗಟ್ಟಿತನ ಎಲ್ಲಿಂದ ಬರಬೇಕು? ಎಳೆದರೆ ಹರಿಯುತ್ತದೆ, ಒತ್ತಿದರೆ ಚೂರಾಗುತ್ತದೆ.

ಉತ್ತರ ಸಿಕ್ಕಿದ್ದು ಜೇಡಿಮಣ್ಣಿನಲ್ಲಿ. 2002ರಲ್ಲಿ ಜಪಾನಿನ ಕಝುತೋಶಿ ಹರಗುಚಿ ಮತ್ತು ಸಂಗಡಿಗರು ಸುಮಾರು 30 ನ್ಯಾನೊಮೀಟರ್ ಅಗಲ, ಒಂದೇ ನ್ಯಾನೊಮೀಟರ್ ದಪ್ಪದ ಜೇಡಿಯ ಬಿಲ್ಲೆಗಳನ್ನು ಜೆಲ್ಲಿಗೆ ಸೇರಿಸಿದರು. (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೊಮೀಟರ್.) ಒಂದೊಂದು ಬಿಲ್ಲೆಯೂ ಹತ್ತಾರು ಸರಪಳಿಗಳನ್ನು ಒಟ್ಟಿಗೆ ಹಿಡಿಯಿತು. ಎಳೆತದ ಭಾರ ಒಂದೇ ಗಂಟಿನ ಮೇಲೆ ಬೀಳದೆ ಎಲ್ಲೆಡೆ ಹಂಚಿಹೋಯಿತು. ಬೆರಳಲ್ಲಿ ಪುಡಿಯಾಗುತ್ತಿದ್ದ ಜೆಲ್ ತನ್ನ ಉದ್ದದ ಹತ್ತು ಪಟ್ಟಿಗೂ ಮೀರಿ ಹಿಗ್ಗಿತು! ಹೀಗೆ ನ್ಯಾನೊ ಗಾತ್ರದ ಕಣಗಳನ್ನು ಬೆರೆಸಿ ಮಾಡಿದ ವಸ್ತುವೇ ನ್ಯಾನೊಕಾಂಪೊಸಿಟ್.

ನೀರನ್ನು ಹಿಡಿಯುವ ಬಲೆ ನೀರಿನೊಳಗಿನ ಕಸವನ್ನೂ ಹಿಡಿಯಬಾರದೇಕೆ? ಮನುಷ್ಯರ ರಕ್ತದಲ್ಲೂ ಪ್ಲಾಸ್ಟಿಕ್ ಕಣ ಸಿಕ್ಕಿರುವ ಈ ಕಾಲದಲ್ಲಿ ಇದು ತಡಮಾಡಬಾರದ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸೂರ್ಯಸಾರಥಿ ಬೋಸ್ ಅವರ ತಂಡ ಇದನ್ನೇ ಕೈಗೆತ್ತಿಕೊಂಡಿತು. ಸಿಗಡಿ, ಏಡಿಗಳ ಚಿಪ್ಪಿನಿಂದ ಸಿಗುವ ಕೈಟೊಸಾನ್ ಸೇರಿದಂತೆ ಮೂರು ಪಾಲಿಮರ್‌ಗಳನ್ನು ಹೆಣೆದು, ನಡುವೆ ತಾಮ್ರವಿರುವ ನ್ಯಾನೊಗುಚ್ಛಗಳನ್ನು ಕೂರಿಸಿತು. ಪರೀಕ್ಷೆಗೆಂದು ಊಟದ ಡಬ್ಬಿಗಳ ಮುಚ್ಚಳದಂಥ ದಿನಬಳಕೆಯ ಪ್ಲಾಸ್ಟಿಕ್ಕನ್ನೇ ಪುಡಿಮಾಡಿ ನೀರಿಗೆ ಬೆರೆಸಿದರು. ಎರಡು ಬಗೆಯ ಕಣಗಳಲ್ಲಿ ಒಂದು ಶೇ. 95ರಷ್ಟು, ಇನ್ನೊಂದು ಶೇ. 93ರಷ್ಟು ಬಲೆಗೆ ಬಿದ್ದವು.

ಬರೀ ಹಿಡಿದಿಟ್ಟರೆ ಕಸ ಜಾಗ ಬದಲಿಸಿದಂತೆ, ಅಷ್ಟೆ. ಈ ಜೆಲ್ಲಿನ ನಿಜವಾದ ಹೆಚ್ಚುಗಾರಿಕೆ ಮುಂದಿನ ಕೆಲಸದಲ್ಲಿದೆ. ನೇರಳಾತೀತ ಬೆಳಕು ಬಿದ್ದಾಗ ಅದರೊಳಗಿನ ನ್ಯಾನೊಗುಚ್ಛಗಳು ಪ್ಲಾಸ್ಟಿಕ್ಕನ್ನು ಒಡೆಯತೊಡಗುತ್ತವೆ. ಐದು ಸಲ ಬಳಸುವವರೆಗೂ ಜೆಲ್ಲಿನ ಕಸುವು ಹೆಚ್ಚೇನೂ ಕುಂದಲಿಲ್ಲ. ದುಡಿದು ದಣಿದ ಜೆಲ್ಲನ್ನು ಸಂಶೋಧಕರು ಎಸೆಯಲೂ ಇಲ್ಲ. ಅದನ್ನು ಇಂಗಾಲದ ನ್ಯಾನೊವಸ್ತುವಾಗಿ ಮಾರ್ಪಡಿಸಿ, ನೀರಿನಲ್ಲಿರುವ ವಿಷಕಾರಿ ಕ್ರೋಮಿಯಂ ತೆಗೆಯಲು ಮತ್ತೆ ದುಡಿಸಿದರು.