ಎಲ್ಲಿ ಕತ್ತರಿಸಬೇಕು?

“ನನ್ನ ಪೈಥಾನ್ ಪ್ರೋಗ್ರಾಂ ಒಂದೇ ಫೈಲಿನಲ್ಲಿ ಎರಡು ಸಾವಿರ ಸಾಲು ದಾಟಿದೆ. ಅದನ್ನು ಪ್ಯಾಕೇಜ್ ಮಾಡಬೇಕು. ಒಳಗಿನ ಮಾಡ್ಯೂಲ್‌ಗಳನ್ನು ಹೇಗೆ ವಿಂಗಡಿಸಲಿ?” ಎಂದು ಎಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಕೇಳಿದ್ದಾರೆ. ಫೋಲ್ಡರ್ ಮಾಡಿ ಕೋಡ್ ಹಂಚುವುದು ಐದು ನಿಮಿಷದ ಕೆಲಸ. ಎಲ್ಲಿ ಕತ್ತರಿಸಬೇಕೆನ್ನುವುದೇ ಕಷ್ಟ. ಇದಕ್ಕೆ ನಾನು ಕಂಡ ಅತ್ಯುತ್ತಮ ಉತ್ತರ 1972ರದು, ಪೈಥಾನ್ ಇನ್ನೂ ಹುಟ್ಟದ ಕಾಲದ್ದು.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಪಾರ್ನಾಸ್ ಆ ವರ್ಷ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅವರು ಉದಾಹರಣೆಗೆ ಆರಿಸಿಕೊಂಡದ್ದು ಪದಸೂಚಿ ತಯಾರಿಸುವ ಪ್ರೋಗ್ರಾಂ. ಕಾರಂತರ ‘ಮರಳಿ ಮಣ್ಣಿಗೆ’ಯನ್ನೇ ತೆಗೆದುಕೊಳ್ಳಿ. ಮೊದಲ ಪದವನ್ನು ಕಿತ್ತು ಕೊನೆಗೆ ಹಾಕಿದರೆ ‘ಮಣ್ಣಿಗೆ ಮರಳಿ’. ಹೀಗೆ ಎಲ್ಲ ಶೀರ್ಷಿಕೆಗಳನ್ನೂ ಸುತ್ತಿಸಿ ಅಕಾರಾದಿಯಾಗಿ ಜೋಡಿಸಿದರೆ, ಮಣ್ಣೊಂದೇ ನೆನಪಿರುವ ಓದುಗನಿಗೂ ಪುಸ್ತಕ ಸಿಗುತ್ತದೆ.

ಇಂಥದ್ದನ್ನು ನಾವೆಲ್ಲ ಮೊದಲು ಒಡೆಯುವುದು ಕೆಲಸದ ಸರದಿಯಂತೆ: ಓದು, ಸುತ್ತಿಸು, ಜೋಡಿಸು, ಮುದ್ರಿಸು. ನೋಡಲು ಅಚ್ಚುಕಟ್ಟು. ಆದರೆ ಸಾಲುಗಳನ್ನು ಮೆಮೊರಿಯಲ್ಲಿ ಇಡುವ ಕ್ರಮ ಬದಲಾದ ದಿನ ಎಲ್ಲ ಭಾಗಗಳಿಗೂ ಕೈ ಹಾಕಬೇಕು. ಆ ಗುಟ್ಟು ಎಲ್ಲಕ್ಕೂ ಗೊತ್ತಿತ್ತಲ್ಲ! ಪಾರ್ನಾಸ್ ಅವರ ಎರಡನೇ ವಿಂಗಡಣೆಯಲ್ಲಿ ಸಾಲು ಕಾಪಿಡುವುದಕ್ಕೇ ಒಂದು ಮಾಡ್ಯೂಲ್ ಇದೆ. ಉಳಿದವು “ಮೂರನೇ ಸಾಲಿನ ಎರಡನೇ ಪದದ ಮೊದಲ ಅಕ್ಷರ ಕೊಡು” ಎಂದು ಕೇಳಬಹುದು. ಅದು ಎಲ್ಲಿಂದ, ಹೇಗೆ ಬಂತೆಂಬುದು ಅವಕ್ಕೆ ಬೇಡ. ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲಿನಲ್ಲಿ ಬಚ್ಚಿಡಿ ಎನ್ನುವುದು ಅವರ ವಾದ. ಇಷ್ಟು ಸರಳವಾದ ಮಾತು ಇಷ್ಟು ವರ್ಷ ಬಾಳಿರುವುದು ನನಗೆ ಇಂದಿಗೂ ಬೆರಗು.

ನಿಮ್ಮ ಡೇಟಾ ಇವತ್ತು ಸಿಎಸ್‌ವಿ ಫೈಲಿನಿಂದ ಬರುತ್ತಿದ್ದರೆ ನಾಳೆ ಡೇಟಾಬೇಸಿನಿಂದ ಬಂದೀತು. ಅದನ್ನು ಓದುವ ಕೋಡ್ ಒಂದೇ ಕಡೆ ಇರಲಿ. ‘ಯುಟಿಲ್ಸ್’ ಎಂಬ ಫೈಲು ಮಾತ್ರ ಬೇಡ. ಎಲ್ಲೂ ಸಲ್ಲದ್ದೆಲ್ಲ ಅಲ್ಲಿ ಬಂದು ಬೀಳುತ್ತದೆ. ವಿಜ್ಞಾನಿಗಳು ಬಳಸುವ ಸೈಪೈ ಪ್ಯಾಕೇಜ್ ತೆರೆದು ನೋಡಿ: ಸಂಖ್ಯಾಶಾಸ್ತ್ರಕ್ಕೆ, ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಬೇರೆ ಬೇರೆ ಉಪಮಾಡ್ಯೂಲ್‌ಗಳಿವೆ. ಒಳಗೆ ಅಡಿಗೆರೆಯಿಂದ ಶುರುವಾಗುವ ಹೆಸರಿನ ಫೈಲುಗಳೂ ಇವೆ. ಅವು ಮನೆಯವರಿಗೆ ಮಾತ್ರ, ಹೊರಗಿನವರು ನೆಚ್ಚಿಕೊಳ್ಳಬಾರದು.

ಎರಡು ಮಾಡ್ಯೂಲ್‌ಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಂಡು, ಅರ್ಧ ಲೋಡ್ ಆದದ್ದರಲ್ಲಿ ಇಲ್ಲದ ಹೆಸರನ್ನು ಕೇಳಿ ಪ್ರೋಗ್ರಾಂ ನಿಂತಿತೇ? ಇಂಪೋರ್ಟ್ ಸಾಲನ್ನು ಫಂಕ್ಷನ್ನಿನೊಳಕ್ಕೆ ತಳ್ಳಿದರೆ ಓಡುತ್ತದೆ, ನಿಜ. ಅದಕ್ಕೂ ಮೊದಲು ಎರಡಕ್ಕೂ ಬೇಕಾದ ಗುಟ್ಟೇನಾದರೂ ಅವುಗಳ ನಡುವೆ ಸಿಕ್ಕಿಕೊಂಡಿದೆಯೇ ಎಂದು ಹುಡುಕಿ, ಅದನ್ನು ಮೂರನೇ ಫೈಲಿಗೆ ಎತ್ತಿಡಿ.