ಮರೆವಿನ ಹಿಂದಿನ ಮನೋಭಾರ

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮುಂದೆ ಕುಳಿತವರಿಗೆ ಏಕಾಗ್ರತೆಯೇ ಬಂಡವಾಳ. ಒಂದು ಎಳೆ ತಪ್ಪಿದರೂ ಸೀರೆಯ ಅಂದ ಕೆಡುತ್ತದೆ. ಇಂತಹ ಕಾಯಕದಲ್ಲಿ ತೊಡಗಿದ ತಾಯಿಯೊಬ್ಬಳು ಬೆಳಿಗ್ಗೆ ಕೇಳಿದ ಮಾತನ್ನು ಸಂಜೆಗೆ ಮರೆತರೆ, ‘ಇವಳಿಗೆ ಲಕ್ಷ್ಯವೇ ಇಲ್ಲ’ ಎಂದು ಮನೆಯವರು ಗದರುವುದುಂಟು. ಆಕೆ ಎಚ್‌ಐವಿ ಸೋಂಕಿನೊಡನೆ ಬಾಳುತ್ತಿರುವವಳಾದರೆ, ಆ ಮರೆವಿಗೆ ದೇಹದೊಳಗೇ ಕಾರಣವಿರಬಹುದು.

ನಮ್ಮ ಮೂತ್ರಪಿಂಡಗಳ ಮೇಲ್ಭಾಗದಲ್ಲಿ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಭಯ, ಚಿಂತೆಗಳು ಎದುರಾದಾಗ ಮೆದುಳಿನ ಆಜ್ಞೆಯಂತೆ ಇವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಇದು ಶತ್ರುವಲ್ಲ, ಮುಂಜಾನೆ ಏರಿ ನಮ್ಮನ್ನು ಎಚ್ಚರಿಸುವುದೂ, ರಾತ್ರಿ ಇಳಿಯುವುದೂ ಇದರ ಸಹಜಕ್ರಮ. ಆದರೆ ಚಿಂತೆ ತಿಂಗಳುಗಟ್ಟಲೆ ಉಳಿದರೆ ಈ ಏರಿಳಿತದ ಲಯ ತಪ್ಪುತ್ತದೆ. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗವು ಕಾರ್ಟಿಸಾಲಿಗೆ ಬಹು ಬೇಗ ಸ್ಪಂದಿಸುವುದರಿಂದ, ಪೆಟ್ಟು ಅಲ್ಲಿಗೇ ತಗಲುತ್ತದೆ.

ಎಚ್‌ಐವಿ ವೈರಾಣುವಾದರೋ ಸೋಂಕು ತಗುಲಿದ ಆರಂಭದ ದಿನಗಳಲ್ಲಿಯೇ ಮೆದುಳನ್ನು ಪ್ರವೇಶಿಸಿ, ಅಲ್ಲಿ ಸಣ್ಣ ಪ್ರಮಾಣದ ಉರಿಯೂತವನ್ನು ಉಂಟುಮಾಡುತ್ತದೆ. ಔಷಧದಿಂದ ರಕ್ತದಲ್ಲಿನ ವೈರಾಣು ಹತೋಟಿಗೆ ಬಂದ ಮೇಲೂ ಈ ಉರಿಯೂತ ಕೆಲವರಲ್ಲಿ ಪೂರ್ಣವಾಗಿ ಶಮನವಾಗದು. ಅಮೆರಿಕದಲ್ಲಿ 1993ರಲ್ಲಿ ಆರಂಭವಾದ ಮಹಿಳೆಯರ ದೀರ್ಘಕಾಲೀನ ಅಧ್ಯಯನವೊಂದರಲ್ಲಿ, ಹೆಚ್ಚು ಮನೋಭಾರವಿದ್ದ ಸೋಂಕಿತ ಮಹಿಳೆಯರು ಕೇಳಿದ ಪದಗಳನ್ನು ನೆನಪಿಡುವುದರಲ್ಲಿ ಹಿಂದುಳಿದದ್ದು ಕಂಡುಬಂದಿತು. ಸೋಂಕಿಲ್ಲದ ಮಹಿಳೆಯರಲ್ಲಿ ಮನೋಭಾರದ ಪರಿಣಾಮ ಹಾಗೆ ಕಾಣಲಿಲ್ಲ. ಅಂದರೆ ಸೋಂಕು ಮತ್ತು ಚಿಂತೆ ಎರಡೂ ಕೂಡಿದಾಗ ನೆನಪಿನ ಮೇಲೆ ಹೊರೆ ಹೆಚ್ಚುತ್ತದೆ.

ಈ ಹೊರೆಯಲ್ಲಿ ಒಂದು ಪಾಲನ್ನು ಹೊರಿಸುವವರು ನಾವೇ. ಗುಟ್ಟು ಹೊರಬಿದ್ದೀತೆಂಬ ಅಂಜಿಕೆ, ನೆರೆಯವರ ಪಿಸುಮಾತು, ಮಕ್ಕಳ ಭವಿಷ್ಯದ ಯೋಚನೆ, ಪತಿಯನ್ನು ಕಳೆದುಕೊಂಡ ದುಃಖ ಇವೆಲ್ಲ ಬರಿಯ ಮನಸ್ಸಿನ ಮಾತುಗಳಲ್ಲ. ರಕ್ತದಲ್ಲಿ ಹರಿದು ದೇಹವನ್ನೂ ಕಾಡುವಂಥವು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಎಆರ್‌ಟಿ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದಿರುವುದು. 2004ರ ಏಪ್ರಿಲ್‌ನಿಂದ ಸರ್ಕಾರವು ಇವನ್ನು ಉಚಿತವಾಗಿ ನೀಡುತ್ತಿದೆ. ಮರೆವಿದ್ದವರು ಮಾತ್ರೆಯನ್ನು ಪ್ರತಿದಿನ ಪೂಜೆಯ ಅಥವಾ ಊಟದ ಹೊತ್ತಿಗೆ ಹೊಂದಿಸಿಕೊಂಡರೆ ಅನುಕೂಲ. ಎರಡನೆಯದು, ಮರೆವನ್ನು ವೈದ್ಯರಲ್ಲಿ ಮುಚ್ಚಿಡದೆ ಹೇಳುವುದು. ರಕ್ತಹೀನತೆ, ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಮೂರನೆಯದು, ಹೊತ್ತಿಗೆ ಸರಿಯಾದ ನಿದ್ರೆ, ದಿನವೂ ನಡಿಗೆ, ಮೌನವಾಗಿ ಕುಳಿತು ಮಾಡುವ ಧ್ಯಾನ. ಇವು ಮನಸ್ಸಿನ ಭಾರವನ್ನು ಇಳಿಸಲು ನೆರವಾಗುತ್ತವೆ. ಆದರೆ ಮಾತ್ರೆಗೆ ಬದಲಿಯಲ್ಲ. 1097 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು.

ಮನೆಯವರ ಹೊಣೆಯೂ ಚಿಕ್ಕದಲ್ಲ. ಒಟ್ಟಿಗೆ ಉಣ್ಣುವುದರಿಂದ, ಒಂದೇ ಪಾತ್ರೆ ಬಳಸುವುದರಿಂದ, ಮುಟ್ಟುವುದರಿಂದ ಎಚ್‌ಐವಿ ಹರಡದು. ಸೋಂಕಿತರನ್ನು ಕೆಲಸದಿಂದ ತೆಗೆಯುವುದೂ ಚಿಕಿತ್ಸೆ ನಿರಾಕರಿಸುವುದೂ ಸೇರಿದಂತೆ ಅವರ ವಿರುದ್ಧದ ತಾರತಮ್ಯವನ್ನು 2017ರ ಕಾಯ್ದೆ ನಿಷೇಧಿಸಿದೆ. ಆದರೆ ಕಾಯ್ದೆಗಿಂತ ಮೊದಲು ನೆರವಾಗಬೇಕಾದುದು ಅಂತಃಕರಣ. ಪಂಕ್ತಿಯಲ್ಲಿ ಪಕ್ಕದ ಎಲೆಯ ಮುಂದೆ ಆ ತಾಯಿಯನ್ನು ಕೂರಿಸಿಕೊಂಡು ಪ್ರಸಾದ ಸ್ವೀಕರಿಸಿದರೆ, ಆಕೆಯ ಚಿಕಿತ್ಸೆಯಲ್ಲಿ ನಾವೂ ಪಾಲುಗೊಂಡಂತೆ.