ಅನುಮಾನಪಟ್ಟದ್ದು ನಿಜ, ನಂಬಿದ್ದು ಸುಳ್ಳು

ಬಾಶೆಟ್ಟಿಹಳ್ಳಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ರೂಮಿಗೆ ಬಂದು ಊಟ ಮಾಡಿ ಮಲಗುವಷ್ಟರಲ್ಲಿ ನಡುರಾತ್ರಿ. ಹಾಗಾಗಿ ನಮ್ಮ ಸಿನಿಮಾ ಏನಿದ್ದರೂ ಭಾನುವಾರಕ್ಕೆ. ಅವತ್ತು ಐದು ಜನ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು ನೋಡಿದ್ದು ‘ಅಮೆರಿಕನ್ ಅಂಡರ್‌ಡಾಗ್’. 2021ರ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ತೆರೆಕಂಡ ಚಿತ್ರ. ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಕರ್ಟ್ ವಾರ್ನರ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೇಲೆ ಬಂದ ಕಥೆ. ಮರುದಿನ ಟೀ ಅಂಗಡಿಯಲ್ಲಿ ಶುರುವಾದ ವಿಮರ್ಶೆ ವಾರವಾದರೂ ಮುಗಿಯಲಿಲ್ಲ. ಕೊನೆಗೆ ಒಂದೊಂದನ್ನೇ ಹುಡುಕಿ ನೋಡಿದಾಗ ನಾವು ಅನುಮಾನಪಟ್ಟದ್ದು ನಿಜವಾಗಿತ್ತು, ಕಣ್ಣುಮುಚ್ಚಿ ನಂಬಿದ್ದರಲ್ಲೇ ಎಡವಟ್ಟಾಗಿತ್ತು.

ಹೆಸರು ಫುಟ್‌ಬಾಲ್, ಓಡುವುದು ಕೈಯಲ್ಲಿ ಹಿಡಿದುಕೊಂಡು; ಇದು ಹೆಲ್ಮೆಟ್ ಹಾಕಿಕೊಂಡು ಮಾಡುವ ಜಗಳ, ದಪ್ಪಗಿದ್ದವನು ಗೆಲ್ಲುತ್ತಾನೆ ಎಂಬುದು ಮೊದಲ ತೀರ್ಪು.

ವಾಸ್ತವ: ಕಬಡ್ಡಿ ನೋಡಿದವರಿಗೆ ತಿಳಿಯದ ಆಟವೇನಲ್ಲ. ಒಂದು ಕಡೆಗೆ 11 ಜನ, ನಡುವೆ 100 ಗಜದ ಅಂಕಣ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಇಲ್ಲವಾದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ವಾರ್ನರ್ ಆಡಿದ್ದು ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ. ಎದುರಿನವರು ಬಂದು ಮೈಮೇಲೆ ಬೀಳುವ ಮೊದಲು, ಎರಡು ಮೂರು ಸೆಕೆಂಡಿನಲ್ಲಿ, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ಅಲ್ಲಿ ತೋಳಿಗಿಂತ ಕಣ್ಣು ಮುಖ್ಯ.

ಸೂಪರ್ ಮಾರ್ಕೆಟ್‌ನಲ್ಲಿ ಡಬ್ಬ ಜೋಡಿಸುತ್ತಿದ್ದವನು ಒಂದು ಫೋನ್ ಕರೆ ಬಂದು ನೇರ ಚಾಂಪಿಯನ್ ಆದ. ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವನು ಗಾರ್ಮೆಂಟ್ಸ್ ಪ್ಯಾಕಿಂಗ್ ಸೆಕ್ಷನ್ನಿನ ನಮ್ಮ ಗೆಳೆಯ. ಸೋಮವಾರವೇ ಕಾರ್ಟನ್ ಟೇಪಿನ ಉರುಳೆಯನ್ನು ಚೆಂಡಿನ ಹಾಗೆ ಎಸೆದು, ಇನ್‌ಚಾರ್ಜ್ ಕೈಯಲ್ಲಿ ಬೈಸಿಕೊಂಡೂ ಬಂದಿದ್ದ.

ವಾಸ್ತವ: ಡಬ್ಬ ಜೋಡಿಸಿದ್ದು ಸುಳ್ಳಲ್ಲ. 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ಶಿಬಿರದಿಂದ ಅವನನ್ನು ಹೊರಗೆ ಕಳಿಸಿದರು. ಆಮೇಲೆ ಅಯೋವಾದ ಸೀಡರ್ ಫಾಲ್ಸ್ ಊರಿನ ಹೈ-ವೀ ಅಂಗಡಿಯಲ್ಲಿ ರಾತ್ರಿ ಪಾಳಿ, ಗಂಟೆಗೆ 5.50 ಡಾಲರ್ ಕೂಲಿ. ಆದರೆ ಆ ಅಂಗಡಿಗೂ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯಕ್ಕೂ ನಡುವೆ ಐದು ವರ್ಷ ಇದೆ. ಸಿನಿಮಾದಲ್ಲಿ ಬೇಗ ಸರಿದುಹೋಗುವುದು ಈ ಐದು ವರ್ಷವೇ.

1995ರಿಂದ 1997ರವರೆಗೆ ಅವನು ಅಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡದಲ್ಲಿ ಅರೀನಾ ಫುಟ್‌ಬಾಲ್ ಆಡಿದ. ಅದು ಸೂರಿನ ಕೆಳಗಿನ ಆಟ. ಅಂಕಣ 50 ಗಜವಷ್ಟೇ, ತಂಡಕ್ಕೆ ಎಂಟು ಜನ, ಸುತ್ತ ಮೆತ್ತೆ ಹೊದಿಸಿದ ಗೋಡೆ. ಜಾಗ ಇಕ್ಕಟ್ಟಾದ್ದರಿಂದ ಯೋಚಿಸಿಕೊಂಡು ನಿಂತರೆ ಕೆಟ್ಟಂತೆ; ಚೆಂಡು ಕೈ ಸೇರುತ್ತಿದ್ದ ಹಾಗೆ ಬಿಡಬೇಕು. ಮುಂದೆ ದೊಡ್ಡ ಅಂಕಣದಲ್ಲಿ ಜನ ಬಾಯಿಬಿಟ್ಟು ನೋಡಿದ ಅವನ ಕೈಚಳಕ ಪಳಗಿದ್ದು ಈ ಇಕ್ಕಟ್ಟಿನಲ್ಲಿ. 1996, 1997 ಎರಡು ವರ್ಷವೂ ತಂಡ ಫೈನಲ್‌ಗೆ ಬಂದು ಸೋತಿತು. 1998ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಅಲ್ಲಿನ ತಂಡಕ್ಕೆ ಆಡಿದ. ಸಿನಿಮಾ ನೋಡಿದವರ ಬಾಯಲ್ಲಿ ಆಮ್‌ಸ್ಟರ್‌ಡ್ಯಾಮ್ ಬರುವುದೇ ಇಲ್ಲ. ಅದೇ ವರ್ಷ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದಲ್ಲಿದ್ದರೂ ಬೆಂಚಿನ ಮೂಲೆಯೇ ಗತಿಯಾಯಿತು. ಐದು ವರ್ಷ ಚಿಲ್ಲರೆ ಜಾಗಗಳಲ್ಲಿ ಅಪ್ರೆಂಟಿಸ್ ಆಗಿದ್ದವನನ್ನು ನಾವು ಲಾಟರಿ ಹೊಡೆದವನು ಅಂದುಕೊಂಡಿದ್ದೆವು.

ಇನ್ನು ಕಣ್ಣು ಕಾಣದ ಮಗು, ಸುಂಟರಗಾಳಿಗೆ ಸಿಕ್ಕಿ ಸಾಯುವ ಅತ್ತೆ ಮಾವ. ಇದೆಲ್ಲ ನಮ್ಮ ಸಿನಿಮಾದವರ ಹಾಗೆ ಸೆಂಟಿಮೆಂಟ್‌ಗೆ ತುರುಕಿದ್ದು ಎಂದು ಐವರೂ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೆವು.

ವಾಸ್ತವ: ಎರಡೂ ನಡೆದದ್ದು. ವಾರ್ನರ್‌ನ ಹೆಂಡತಿ ಬ್ರೆಂಡಾ ಅವನನ್ನು ಮದುವೆಯಾಗುವ ಮೊದಲೇ ಎರಡು ಮಕ್ಕಳ ತಾಯಿ. ಹಿರಿಯ ಹುಡುಗನಿಗೆ ಹಸುಗೂಸಾಗಿದ್ದಾಗಲೇ ತಲೆಗೆ ಪೆಟ್ಟಾಗಿ ದೃಷ್ಟಿ ಹೋಗಿತ್ತು. ಅವಳ ತಂದೆ ತಾಯಿ 1996ರಲ್ಲಿ ಆರ್ಕಾನ್ಸಾದಲ್ಲಿ ಸುಂಟರಗಾಳಿಗೆ ಬಲಿಯಾದರು. ಇಲ್ಲಿ ನಾವು ತಲೆ ತಗ್ಗಿಸಬೇಕಾಯಿತು.

ಬಯೋಪಿಕ್ ಅಂದಮೇಲೆ ಪ್ರತಿ ದೃಶ್ಯವೂ ನಡೆದದ್ದೇ ಎಂಬುದು ಇದರ ತಿರುಗುಮುರುಗು.

ವಾಸ್ತವ: ಇದೇ ಆಟದ ಮೇಲೆ 1993ರಲ್ಲಿ ಬಂದ ‘ರೂಡಿ’ಯನ್ನು ನೋಡಿ. ಗಿಡ್ಡ ಹುಡುಗನಿಗೆ ಅವಕಾಶ ಕೊಡಿ ಎಂದು ತಂಡದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಜೆರ್ಸಿಯನ್ನು ಕೋಚ್ ಮೇಜಿನ ಮೇಲಿಟ್ಟು ಹೋಗುವ ದೃಶ್ಯಕ್ಕೆ ಕಣ್ಣೀರಿಡದವರಿಲ್ಲ. ಅದು ನಡೆಯಲೇ ಇಲ್ಲ. ಕೋಚ್ ಡ್ಯಾನ್ ಡಿವೈನ್ ಆ ಹುಡುಗನನ್ನು ತಾನಾಗಿಯೇ ಆಡಿಸಿದವರು. ಕಥೆಗೊಬ್ಬ ವಿಲನ್ ಬೇಕಿತ್ತು, ಪಾಪ, ಅವರು ಆದರು. ಆದರೆ ಪಂದ್ಯ ಮುಗಿದ ಮೇಲೆ ರೂಡಿಯನ್ನು ಹೆಗಲ ಮೇಲೆ ಹೊತ್ತು ಕರೆದೊಯ್ದದ್ದು ನಿಜ, 1975ರ ನವೆಂಬರ್ 8ರಂದು.

ವಾರ್ನರ್ ಗೆದ್ದದ್ದು ಗ್ರಹಬಲದಿಂದ ಎಂಬ ವಾದ ನಮ್ಮ ರೂಮಿನಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಶನಿಕಾಟ ಇದ್ದಾಗ ಜೇಡ ಕಚ್ಚಿತು, ಶುಕ್ರದೆಸೆ ಬಂದಾಗ ಇನ್ನೊಬ್ಬನ ಮಂಡಿ ಹೋಯಿತು. ಮೇಲಾಗಿ ಅವನ ಜೆರ್ಸಿ 13, ಅಪಶಕುನದ ಸಂಖ್ಯೆ.

ವಾಸ್ತವ: ಘಟನೆಗಳು ಸುಳ್ಳಲ್ಲ. ಮದುವೆಯಾಗಿ ಜಮೈಕಾಕ್ಕೆ ಹೋಗಿದ್ದಾಗ ಎಸೆಯುವ ಕೈಯ ಮೊಣಕೈಗೇ ಜೇಡ ಕಚ್ಚಿ, ಷಿಕಾಗೋ ಬೇರ್ಸ್ ತಂಡದ ಪರೀಕ್ಷೆ ತಪ್ಪಿತು. 1999ರ ಆಗಸ್ಟ್‌ನಲ್ಲಿ ಮುಖ್ಯ ಆಟಗಾರ ಟ್ರೆಂಟ್ ಗ್ರೀನ್ ಮಂಡಿಗೆ ಪೆಟ್ಟಾದದ್ದರಿಂದಲೇ ಇವನ ಸರದಿ ಬಂತು. ಅದೃಷ್ಟ ಬಾಗಿಲು ತೆರೆಯಿತು, ಒಪ್ಪೋಣ. ಆ ಸೀಸನ್ನಿನಲ್ಲಿ 41 ಟಚ್‌ಡೌನ್‌ಗೆ ಎಸೆದದ್ದು ಶುಕ್ರನಲ್ಲ. ಇನ್ನು 13ನೇ ಸಂಖ್ಯೆ: ಆ ಜೆರ್ಸಿಯಲ್ಲೇ ಅವನು ಒಂದು ಸೂಪರ್ ಬೌಲ್ ಗೆದ್ದ, ಆ ಜೆರ್ಸಿಯಲ್ಲೇ ಎರಡು ಸೋತ. ಸಂಖ್ಯೆಗೆ ಯಾವ ಪಕ್ಷವೂ ಇರಲಿಲ್ಲ.

ಒಬ್ಬ ಹೀರೊ ಇಡೀ ತಂಡವನ್ನು ಗೆಲ್ಲಿಸಿದ ಎಂಬುದು ಪೋಸ್ಟರ್ ನೋಡಿ ಹುಟ್ಟುವ ನಂಬಿಕೆ.

ವಾಸ್ತವ: 2000ದ ಜನವರಿ 30ರ ಅಂತಿಮ ಪಂದ್ಯದ ಕಡೆಯ ಕ್ಷಣ ನೋಡಿದರೆ ಸಾಕು. ರ‍್ಯಾಮ್ಸ್ 23, ಟೆನೆಸಿ ಟೈಟನ್ಸ್ 16. ಟೈಟನ್ಸ್‌ನ ಕೆವಿನ್ ಡೈಸನ್ ಚೆಂಡು ಹಿಡಿದು ಗೆರೆಯ ಕಡೆ ನುಗ್ಗಿದ. ದಾಟಿ ಆರಂಕ, ಅದರ ಮೇಲಿನ ಒಂದಂಕವೂ ಸಿಕ್ಕಿದ್ದರೆ ಸಮಬಲ. ರ‍್ಯಾಮ್ಸ್‌ನ ಮೈಕ್ ಜೋನ್ಸ್ ಅವನ ಕಾಲನ್ನು ತಬ್ಬಿ ಬಿದ್ದ. ಡೈಸನ್ ಬೀಳುತ್ತಲೇ ಕೈ ಚಾಚಿದ. ಗೆರೆ ಇನ್ನೂ ಒಂದು ಗಜ ದೂರ. ಕಬಡ್ಡಿಯಲ್ಲಿ ಹಿಡಿಸಿಕೊಂಡ ರೈಡರ್ ಮಧ್ಯಗೆರೆಗೆ ಬೆರಳು ಚಾಚುವ ಹಾಗೆಯೇ. ಆ ಹೊತ್ತಿನಲ್ಲಿ ಪಂದ್ಯಶ್ರೇಷ್ಠ ವಾರ್ನರ್ ಅಂಕಣದ ಹೊರಗೆ, ನಮ್ಮ ಹಾಗೆ ಪ್ರೇಕ್ಷಕ.

ಕೊನೆಯದು, ಆ ದೇಶದ ಆಟ ನಮ್ಮ ಕಡೆ ಸುಳಿದೇ ಇಲ್ಲ, ನಮಗೂ ವಾರ್ನರ್‌ಗೂ ಯಾವ ಸಂಬಂಧ ಎಂಬ ಮಾತು.

ವಾಸ್ತವ: 2011ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬುದು ಘೋಷಣೆಯಾಯಿತು. ಅದರ ತಂಡಗಳಲ್ಲಿ ಒಂದು ಬೆಂಗಳೂರು ವಾರ್‌ಹಾಕ್ಸ್. ಹಣ ಹಾಕಿದವರಲ್ಲಿ ‘ಇನ್‌ವಿನ್ಸಿಬಲ್’ ಚಿತ್ರದಲ್ಲಿ ಇಂಥದೇ ಪಾತ್ರ ಮಾಡಿದ ನಟ ಮಾರ್ಕ್ ವಾಲ್‌ಬರ್ಗ್ ಇದ್ದ, ಸ್ವತಃ ಕರ್ಟ್ ವಾರ್ನರ್ ಇದ್ದ. ಲೀಗ್ ಬೇರು ಬಿಡಲಿಲ್ಲ. ಇದನ್ನು ಓದಿ ಹೇಳಿದಾಗ ಪ್ಯಾಕಿಂಗ್ ಗೆಳೆಯ ಟೀ ಲೋಟ ಕೆಳಗಿಟ್ಟು, ಬೆಂಗಳೂರಿನ ತಂಡ ಅಂದರೆ ನಮ್ಮ ತಾಲೂಕಿನ ಕಬಡ್ಡಿ ಹುಡುಗರನ್ನೂ ಕರೆಯಬೇಕಿತ್ತಲ್ಲ ಅಂದ. ಅಷ್ಟರಲ್ಲಿ ಶಿಫ್ಟ್ ಬಸ್ಸು ಹಾರ್ನ್ ಹೊಡೆಯಿತು.